ಲೈಬ್ರರಿಯ ಆ ಹಿರಿಯರಿಗೆ

ಕಾಸರಗೋಡಿನ ಲೈಬ್ರರಿಯಲ್ಲಿ ಬೃಹತ್ಕಥೆ ಎಂಬ ಕಥಾಗ್ರಂಥ ಬರೆದ ಗುಣಾಢ್ಯನ ಕಥೆಯ ಮೂಲ ಹುಡುಕುತ್ತಿದ್ದ ನನ್ನ ಮುಂದೆ ಕಥಾಸರಿತ್ಸಾಗರದ ಮೊದಲ ಲಂಬಕ (ಭಾಗ) ತೆರೆದಿಟ್ಟ ಹಿರಿಯರೇ, ತುಂಬಾ ಥ್ಯಾಂಕ್ಸ್. ಹೆಸರು ಕೇಳುವಷ್ಟರಲ್ಲಿ ನೀವು ಕುಂಬಳೆ ಬಸ್ಸಿಗೆ ಹೊರಟೇಬಿಟ್ಟಿರಿ.

ಪೈಶಾಚಿ ಎಂಬ ಪ್ರಾಕೃತ ಭಾಷೆ, ಅದೂ ರಕ್ತದಲ್ಲಿ ಬರೆದದ್ದು ಎಂದು ಸಾತವಾಹನ ರಾಜ ಬೃಹತ್ಕಥೆಗೆ ಮೂಗು ಮುರಿದ. ಗುಣಾಢ್ಯ ಕಾಡಿನಲ್ಲಿ ಒಂದೊಂದೇ ಎಲೆ ಓದಿ ಬೆಂಕಿಗೆ ಹಾಕಿದ. ಮೃಗಗಳು ಮೇವು ಬಿಟ್ಟು, ಕಣ್ಣೀರಿಡುತ್ತಾ ಕೇಳಿದವು. ರಾಜ ಬರುವಾಗ ಏಳು ಲಕ್ಷ ಶ್ಲೋಕದಲ್ಲಿ ಉಳಿದದ್ದು ಒಂದೇ ಲಕ್ಷ. ಪಾಪ, ಅಲ್ವಾ?

ಆದರೆ ಕಥಾಸರಿತ್ಸಾಗರದಲ್ಲಿ ಇದನ್ನು ಹೇಳುವ ಸೋಮದೇವ 11ನೇ ಶತಮಾನದ ಕಾಶ್ಮೀರದವನು, ಸಾತವಾಹನರಿಗಿಂತ ಎಷ್ಟೋ ಈಚಿನವನು. ಸುಮ್ನೆ ಇದನ್ನು ಸಾತವಾಹನರ ಆಸ್ಥಾನದ ದಾಖಲೆ ಅನ್ನಬೇಡಿ ಎಂದಿರಿ. ಅದೇ ಶತಮಾನದ ನಮ್ಮ ಕನ್ನಡ ಕವಿ ದುರ್ಗಸಿಂಹನೂ ತನ್ನ ಪಂಚತಂತ್ರದಲ್ಲಿ ಗುಣಾಢ್ಯನನ್ನು ನೆನೆದಿದ್ದಾನೆ ಅಂತ ಬಸ್ ಟಿಕೆಟಿನ ಹಿಂದೆ ಬರೆದುಕೊಟ್ಟಿರಿ. ದುರ್ಗಸಿಂಹನ ಪ್ರತಿ ಸಿಕ್ಕಿದೆ, ಸರ್. ಈಗ ಅದನ್ನೇ ಓದುತ್ತಿದ್ದೇನೆ.