ಭಾನುವಾರದ ಚರ್ಚೆ: ಹ್ಯಾರಿ ಹಾಪ್ಕಿನ್ಸ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6 ಗಂಟೆಗೆ ನಮ್ಮ ಇತಿಹಾಸ ಗುಂಪಿನ ಆನ್‌ಲೈನ್ ಚರ್ಚೆ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಬಲಗೈಯಾಗಿದ್ದ ಹ್ಯಾರಿ ಹಾಪ್ಕಿನ್ಸ್ ಬಗ್ಗೆ ಮಾತಾಡೋಣ.

1940ರಿಂದ ಮೂರು ವರ್ಷಕ್ಕೂ ಜಾಸ್ತಿ ಕಾಲ ಅವರು ಶ್ವೇತಭವನದಲ್ಲೇ ವಾಸವಿದ್ದರು. 1941ರ ಜನವರಿಯಲ್ಲಿ ಲಂಡನ್‌ಗೆ ಹೋಗಿ ಚರ್ಚಿಲ್ ಅವರನ್ನು ಕಂಡರು. ಜುಲೈ ಕೊನೆಯಲ್ಲಿ ಮಾಸ್ಕೋದಲ್ಲಿ ಸ್ಟಾಲಿನ್ ಜೊತೆ ಮಾತುಕತೆ. ಹೊಟ್ಟೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ದೇಹ ಸೋತಿತ್ತು, ಆದರೂ ಹೋದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದೇ ಇಲ್ಲಿ.

ಸೇನಾಪತಿಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾಯಕರ ಪಕ್ಕ ನಿಂತವರ ಕೆಲಸವನ್ನೂ ನೋಡಬೇಕು, ಅಲ್ವಾ? ಲೆಂಡ್-ಲೀಸ್ ನೆರವಿನ (ಯುದ್ಧದಲ್ಲಿ ಮಿತ್ರರಾಷ್ಟ್ರಗಳಿಗೆ ಅಮೆರಿಕ ಶಸ್ತ್ರಾಸ್ತ್ರ, ಸರಕು ಒದಗಿಸಿದ ಯೋಜನೆ) ಬಗ್ಗೆ ಸ್ವಲ್ಪ ಓದಿಕೊಂಡು ಬನ್ನಿ. ಪ್ರಶ್ನೆಗಳನ್ನು ಶುಕ್ರವಾರದೊಳಗೆ ಇಲ್ಲೇ ಹಾಕಿ. ಬರುವವರು ದಯವಿಟ್ಟು ‘ಬರ್ತೀನಿ’ ಅಂತ ತಿಳಿಸಿ. ಲಿಂಕ್ ಶನಿವಾರ ರಾತ್ರಿ ಕಳಿಸುತ್ತೇನೆ.