ಶನಿವಾರ ರಾತ್ರಿ ರಿಪೋರ್ಟ್ ಪ್ರಿಂಟಿಂಗ್ ಬದಲಾಗುತ್ತದೆ, ದಯವಿಟ್ಟು ಪೂರ್ತಿ ಓದಿ

ಮುಂಬೈಯ ನಮ್ಮ ಆಸ್ಪತ್ರೆಯ ಕನ್ನಡದ ಗೆಳೆಯರೆಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ 11ರಿಂದ ಬೆಳಗಿನ ಜಾವ 4ರವರೆಗೆ ಹಳೇ ಪ್ರಿಂಟ್ ಸರ್ವರ್ (ಲ್ಯಾಬ್ ರಿಪೋರ್ಟ್‌ಗಳನ್ನು ವಾರ್ಡ್‌ಗಳ ಪ್ರಿಂಟರ್‌ಗೆ ಕಳಿಸುವ ಕಂಪ್ಯೂಟರ್) ಬಂದ್ ಇರುತ್ತದೆ, ಅದರ ಬದಲು ಹೊಸ ವ್ಯವಸ್ಥೆ ಬರುತ್ತದೆ. ಅದು ಇನ್ನೂ ವಿಂಡೋಸ್ ಸರ್ವರ್ 2008ರ ಮೇಲೆ ನಡೆಯುತ್ತಿದೆ. ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ.

ಆದರೆ ನನಗೆ ಜಾಸ್ತಿ ಚಿಂತೆ ಇರುವುದು ರಿಪೋರ್ಟ್ ಎಲ್ಲಿಗೆ ಹೋಗುತ್ತದೆ ಅನ್ನುವುದರದ್ದು. ಈಗಿನ ವ್ಯವಸ್ಥೆಯಲ್ಲಿ ರಕ್ತ ತೆಗೆದಾಗ ಪೇಶಂಟ್ ಯಾವ ವಾರ್ಡ್‌ನಲ್ಲಿದ್ದರೋ ಅಲ್ಲಿಗೇ ಕಾಗದ ಹೋಗುತ್ತದೆ. ಹೋದ ತಿಂಗಳು ಕಲಬುರಗಿಯ ಒಬ್ಬ ಅಜ್ಜಿಯನ್ನು ಐಸಿಯುಗೆ ಒಯ್ದಿದ್ದರು. ಪೊಟ್ಯಾಸಿಯಂ ರಿಪೋರ್ಟ್ ಮಾತ್ರ ನಾಲ್ಕನೇ ಮಹಡಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೆಳಗೆ ಬಿದ್ದಿತ್ತು. ರಿಬ್ಬನ್ ಸವೆದು 6.4 ಅನ್ನುವುದು 5.4ರ ಹಾಗೆ ಕಾಣುತ್ತಿತ್ತು. ಮಗ ಮೂರು ಸಲ ಮೆಟ್ಟಿಲು ಹತ್ತಿ ಇಳಿದ. ಹೀಗೆ ಮತ್ತೆ ಆಗಬಾರದು ಅಲ್ವಾ?

ಹೊಸ ವ್ಯವಸ್ಥೆ ವಾರ್ಡ್ ಬದಲಾವಣೆಯ ಎಚ್‌ಎಲ್7 (ಆಸ್ಪತ್ರೆಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾಹಿತಿ ಕಳಿಸುವ ರೀತಿ) ಸಂದೇಶ ಓದಿ, ಪೇಶಂಟ್ ಈಗ ಇರುವ ಕಡೆಯ ಪ್ರಿಂಟರ್‌ಗೆ ಕಳಿಸುತ್ತದೆ. ನೀವು ಕಂಪ್ಯೂಟರ್‌ನಲ್ಲಿ ಟ್ರಾನ್ಸ್‌ಫರ್ ಹಾಕಿದರೆ ಮಾತ್ರ ಆ ಸಂದೇಶ ಹೊರಡುತ್ತದೆ. ಸಿಸ್ಟರ್‌ಗಳೇ, ಹಾಸಿಗೆ ಬದಲಾದ ಕೂಡಲೇ ಹಾಕಿಬಿಡಿ. ಆಮೇಲೆ ಹಾಕೋಣ ಅಂತ ಬಿಡಬೇಡಿ.

ಆ ಐದು ಗಂಟೆ ಲ್ಯಾಬ್‌ನವರು ತುರ್ತು ರಿಪೋರ್ಟ್ ಫೋನಿನಲ್ಲೇ ಹೇಳುತ್ತಾರೆ. ಪೇಶಂಟ್ ಹೆಸರು, ನಂಬರ್, ಫಲಿತಾಂಶ ಬರೆದುಕೊಂಡು ಅವರಿಗೇ ತಿರುಗಿ ಓದಿ ಹೇಳಿ.

ಭಾನುವಾರ ಕಾಗದ ಬರದಿದ್ದರೆ ಸುಮ್ನೆ ಮತ್ತೆ ಮತ್ತೆ ಪ್ರಿಂಟ್ ಒತ್ತಬೇಡಿ, ಒಂದೇ ರಿಪೋರ್ಟ್ ಹತ್ತು ಸಲ ಬರುತ್ತದೆ. ನನಗೆ ಫೋನ್ ಮಾಡಿ. ಇಡೀ ದಿನ ಕೆಳಗಿನ ಕಂಪ್ಯೂಟರ್ ರೂಮಿನಲ್ಲೇ ಇರುತ್ತೇನೆ.