ಕೆಟ್ಟ ಸರ್ಕ್ಯೂಟಿಗೆ ನೀನು ಕೈ ಹಾಕಬೇಡ

ಸರಸ್ವತಿಪುರಂ, ಮೈಸೂರು
ಭಾನುವಾರ

ಚಿ. ಸೌಮ್ಯಳಿಗೆ ಮಾವನ ಆಶೀರ್ವಾದಗಳು.

ಮಂಡ್ಯದಲ್ಲಿ ಪಾಲಿಟೆಕ್ನಿಕ್ಕಿಗೆ ಲೆಕ್ಚರರ್ ಆಗಿ ಸೇರಿಕೊಂಡ ಸುದ್ದಿ ಅಕ್ಕ ಹೇಳಿದಳು. ಬಹಳ ಸಂತೋಷವಾಯಿತು. ಕ್ಲಾಸಿನಲ್ಲಿ ಪಾಠ ಮಾಡುವ ಬಗ್ಗೆ ನಿನಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಎಲೆಕ್ಟ್ರಾನಿಕ್ಸ್ ಲ್ಯಾಬಿನ ದಾರಿ ಬೇರೆ, ಅದರ ಬಗ್ಗೆ ಮಾತ್ರ ಬರೀತಿದ್ದೀನಿ.

"ಮೇಡಂ, ಔಟ್‌ಪುಟ್ ಬತ್ತಾ ಇಲ್ಲ." ಒಂದು ಲ್ಯಾಬಿನಲ್ಲಿ ಈ ಮಾತು ಹತ್ತು ಸಲ ನಿನ್ನ ಕಿವಿಗೆ ಬೀಳುತ್ತೆ. ಆಗ ನಿನ್ನ ಕೈ ತಾನಾಗೇ ಬ್ರೆಡ್‌ಬೋರ್ಡಿನ (ಸರ್ಕ್ಯೂಟ್ ಕಟ್ಟುವ ತೂತುಹಲಗೆಯ) ಕಡೆ ಹೋಗುತ್ತೆ. ತಡ್ಕೋ. ನೀನು ವೈರ್ ಕಿತ್ತು ಸರಿಯಾದ ತೂತಿಗೆ ಹಾಕಿದರೆ ಅರ್ಧ ನಿಮಿಷದ ಕೆಲಸ. ಆದರೆ ಹುಡುಗ ಕಲಿಯೋದು ಮೇಡಂ ಬಂದರೆ ಸರಿಹೋಗುತ್ತೆ ಅನ್ನೋದನ್ನ ಮಾತ್ರ. ಮೀಟರನ್ನು ಅವನ ಕೈಗೇ ಕೊಟ್ಟು ಕೇಳು: ಐಸಿಯ, ಅಂದರೆ ಚಿಪ್ಪಿನ, ಕಾಲಿನ ಮೇಲೆ ಸಪ್ಲೈ ಎಷ್ಟು ಬರ್ತಿದೆ? ಪವರ್ ಸಪ್ಲೈ ಡಬ್ಬದ ಡಿಸ್‌ಪ್ಲೇ ನೋಡಿ ಹೇಳಬಾರದು, ಬೋರ್ಡಿನ ಕೆಂಪು ಪಟ್ಟಿ ಮುಟ್ಟಿಯೂ ಹೇಳಬಾರದು, ಕಾಲಿನ ಮೇಲೇ ಮೀಟರಿನ ವೈರಿನ ಮೊನೆ ಇಡಬೇಕು. 830 ತೂತಿನ ಎಷ್ಟೋ ಬೋರ್ಡುಗಳಲ್ಲಿ ಆ ಕೆಂಪು ಪಟ್ಟಿ ನಟ್ಟನಡುವೆ ತುಂಡಾಗಿರುತ್ತೆ. ಎಡಗಡೆ 5 ವೋಲ್ಟ್, ಬಲಗಡೆ ಏನೂ ಇಲ್ಲ. ಸಪ್ಲೈ ಸಿಕ್ಕಿದ ಮೇಲೆ ಗ್ರೌಂಡ್. ಫಂಕ್ಷನ್ ಜನರೇಟರ್, ಪವರ್ ಸಪ್ಲೈ, ಸಿಆರ್‌ಒ (ಅಲೆಗಳನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪು) ಮೂರರ ಗ್ರೌಂಡೂ ಒಂದಾಗಿದೆಯಾ? ಈ ಎರಡು ಪ್ರಶ್ನೆಗೇ ಮುಕ್ಕಾಲು ಟೇಬಲ್ಲು ತಣ್ಣಗಾಗುತ್ತೆ.

ಮೀಟರ್ ಕೊಡುವ ಮುಂಚೆ ಮೀಟರೇ ಸರಿಯಿದೆಯಾ ನೋಡ್ಕೋ. ಕರೆಂಟ್ ಅಳೆದವರು ಕೆಂಪು ವೈರನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟು ಹೋಗ್ತಾರೆ. ಮುಂದಿನ ಬ್ಯಾಚಿನವನು ಅದರಲ್ಲೇ ವೋಲ್ಟೇಜ್ ನೋಡೋಕೆ ಹೋದರೆ ಸಪ್ಲೈಯನ್ನ ನೇರ ಶಾರ್ಟ್ ಮಾಡಿದ ಹಾಗೆ. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರೋಲ್ಲ. ಮಿಲಿಆಂಪಿಯರ್ ಕಡೆಯ ಫ್ಯೂಸ್ ಹೋದರಂತೂ ಗೊತ್ತೇ ಆಗೋಲ್ಲ: ವೋಲ್ಟೇಜ್ ಸರಿಯಾಗೇ ತೋರಿಸುತ್ತೆ, ಕರೆಂಟ್ ಮಾತ್ರ ಸೊನ್ನೆ. ಹುಡುಗ ಪಾಪ ಸರ್ಕ್ಯೂಟ್ ಬಿಚ್ಚಿ ಮತ್ತೆ ಕಟ್ಟುತ್ತಾನೆ. ಮೀಟರಿನ ಮೇಲೆ ಬರೆದಿರುವ ರೇಟಿಂಗಿನ ಫ್ಯೂಸುಗಳದ್ದೇ ಒಂದು ಪ್ಯಾಕೆಟ್ ಬೀರುವಿನಲ್ಲಿ ಇಟ್ಟುಕೋ. ತಾಮ್ರದ ಎಳೆ ಸುತ್ತಿ ಕೆಲಸ ಸಾಗಿಸಲು ಯಾರಿಗೂ ಬಿಡಬೇಡ.

ನಾಲ್ಕು ಡಯೋಡಿನಿಂದ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಪ್ರಯೋಗದ ದಿನ ಮಾತ್ರ ಸುಮ್ಮನೆ ನಿಂತು ನೋಡಬೇಡ, ಸ್ವಿಚ್ ಹಾಕುವ ಮುಂಚೆಯೇ ಎಚ್ಚರಿಸು. ಇನ್‌ಪುಟ್, ಔಟ್‌ಪುಟ್ ಎರಡನ್ನೂ ಒಂದೇ ಪರದೆಯಲ್ಲಿ ನೋಡುವ ಆಸೆಗೆ ಹುಡುಗರು ಒಂದು ಪ್ರೋಬನ್ನು ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೂ (ಔಟ್‌ಪುಟ್ ಸುರುಳಿ) ಇನ್ನೊಂದನ್ನು ಲೋಡಿಗೂ ಸಿಕ್ಕಿಸ್ತಾರೆ. ಎರಡೂ ಪ್ರೋಬಿನ ಗ್ರೌಂಡ್ ಕ್ಲಿಪ್ ಸಿಆರ್‌ಒ ಒಳಗೆ ಒಂದೇ. ಹಾಗಾಗಿ ಸೆಕೆಂಡರಿಯ ಒಂದು ತುದಿಗೂ ಡಿಸಿ ಮೈನಸ್ಸಿಗೂ ಗಂಟು ಬಿತ್ತು, ನಡುವಿನ ಡಯೋಡ್ ಶಾರ್ಟ್ ಆಯಿತು. ಒಂದು ಅರ್ಧ ಸೈಕಲ್ಲಿನಲ್ಲಿ ಪರದೆ ಮೇಲೆ ಹಾಫ್‌ವೇವ್, ಅಂದರೆ ಅರ್ಧ ಅಲೆ ಮಾತ್ರ, ಬರುತ್ತೆ. ಇನ್ನೊಂದು ಅರ್ಧದಲ್ಲಿ ಸೆಕೆಂಡರಿಯ ಅಷ್ಟೂ ಭಾರ ಮೈನಸ್ ಕಡೆಯ ಇನ್ನೊಂದು ಡಯೋಡಿನ ತಲೆ ಮೇಲೆ. ನಾವು ಹಾಕುವ 1ಎನ್4007 ಡಯೋಡಿಗೆ ಇರೋ ತಾಕತ್ತು 1 ಆಂಪಿಯರ್. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತೆ, ಡಯೋಡ್ ಮುಟ್ಟಿದರೆ ಬೆರಳು ಚುರ್ ಅನ್ನುತ್ತೆ. ಹುಡುಗರು ಡಯೋಡ್ ಹೋಗಿದೆ ಅಂತ ನಾಲ್ಕನ್ನೂ ಬದಲಾಯಿಸ್ತಾರೆ, ಹೊಸದರಲ್ಲೂ ಅದೇ ಕಥೆ.

ಇದಕ್ಕೆ ಮದ್ದು ಅಂತ ಕೆಲವರು ಸಿಆರ್‌ಒ ಪ್ಲಗ್ಗಿನ ಅರ್ತ್ ಪಿನ್ನನ್ನೇ ಮುರಿದು ಹಾಕ್ತಾರೆ. ಕ್ಲಿಪ್ಪುಗಳು ಒಳಗೇ ಸೇರಿರುವಾಗ ಅದರಿಂದ ಏನೂ ಆಗೋಲ್ಲ. ಮೇಲಾಗಿ ಏನಾದರೂ ಲೀಕ್ ಆದರೆ ಸಿಆರ್‌ಒದ ಮೈಯೇ ಹೊಡೆಯುತ್ತೆ. ಅಂಥ ಪ್ಲಗ್ ಕಂಡರೆ ಅವತ್ತೇ ಬದಲಾಯಿಸು. ಬ್ರಿಡ್ಜಿನಲ್ಲಿ ಒಂದಾದ ಮೇಲೆ ಒಂದು ನೋಡಲಿ. ಜೊತೆಯಲ್ಲೇ ನೋಡಲೇಬೇಕು ಅಂದರೆ 12-0-12 ಟ್ರಾನ್ಸ್‌ಫಾರ್ಮರಿಗೆ ಎರಡೇ ಡಯೋಡ್ ಹಾಕಿಸು. ಅಲ್ಲಿ ನಡುವಿನ ಟ್ಯಾಪೇ ಎಲ್ಲದಕ್ಕೂ ಗ್ರೌಂಡ್, ಎರಡು ಕ್ಲಿಪ್ಪನ್ನೂ ಅಲ್ಲೇ ಹಾಕಬಹುದು.

ಔಟ್‌ಪುಟ್ಟಿನ ಏರಿಳಿತ ತಗ್ಗಿಸುವ ಕೆಪಾಸಿಟರ್ ಕೊಡುವಾಗಲೂ ನಿಗಾ ಇರಲಿ. ಟ್ರಾನ್ಸ್‌ಫಾರ್ಮರಿನ 12 ವೋಲ್ಟ್ ಅಂದರೆ ಅದು ಆರ್‌ಎಂಎಸ್, ಒಂಥರಾ ಸರಾಸರಿ ಲೆಕ್ಕ. ಅಲೆಯ ತುತ್ತತುದಿ (ಪೀಕ್) ಸುಮಾರು 17, ಎರಡು ಡಯೋಡಿನ 1.4 ಕಳೆದರೂ 15.5ರ ಮೇಲೆ. ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಇನ್ನೂ ಜಾಸ್ತಿ ಕೊಡುತ್ತೆ. 16 ವೋಲ್ಟಿನದು ಸಾಲದು, 25ರದ್ದು ಕೊಡು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಾಮಾನು ತರಿಸಿದರೆ ಟ್ರಾನ್ಸಿಸ್ಟರಿನ ಪೂರ್ತಿ ನಂಬರ್ ಓದು. ಪಿಎನ್2222ಎ, ಪಿ2ಎನ್2222ಎ ಎರಡೂ ನೋಡೋಕೆ ಅವಳಿಜವಳಿ, ಆದರೆ ಎಮಿಟರ್ ಕಲೆಕ್ಟರ್ ಅದಲುಬದಲು. ಒಂದೇ ಡಬ್ಬಿಗೆ ಸುರಿದರೆ ವರ್ಷವೆಲ್ಲ ತಲೆನೋವು.

ಡಿಜಿಟಲ್ ಲ್ಯಾಬಿಗೆ ಒಂದು ದಾರಿ ಹೇಳ್ತೀನಿ. ನಿನ್ನ ಹುಡುಗರಲ್ಲಿ ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯವರು ಎಷ್ಟೋ ಜನ ಇರ್ತಾರೆ. ಒಂದು ಬಿಟ್ ನೆನಪಿಟ್ಟುಕೊಳ್ಳುವ ಫ್ಲಿಪ್‌ಫ್ಲಾಪ್ ಅಂದರೆ ಮುಖ ಮುಖ ನೋಡ್ತಾರೆ, ಪಂಪ್‌ಸೆಟ್ ಸ್ಟಾರ್ಟರ್ ಅಂದರೆ ಎಲ್ಲರಿಗೂ ಗೊತ್ತು. ಹಸಿರು ಬಟನ್ ಒತ್ತಿ ಕೈ ಬಿಟ್ಟ ಮೇಲೂ ಮೋಟಾರ್ ಓಡ್ತಾನೇ ಇರುತ್ತಲ್ಲ, ಯಾಕೆ ಅಂತ ಕೇಳು. ಬಟನ್ನಿಗೆ ಜೊತೆಯಾಗಿ ಕಾಂಟ್ಯಾಕ್ಟರಿನದೇ (ಕಾಯಿಲ್ ಎಳೆದರೆ ಸೇರುವ ದೊಡ್ಡ ಸ್ವಿಚ್ಚು) ಒಂದು ಕಾಂಟ್ಯಾಕ್ಟ್ ಇದೆ. ಕಾಯಿಲ್ ಎಳೆದುಕೊಂಡ ಕೂಡಲೇ ಅದು ತನಗೆ ತಾನೇ ಕರೆಂಟ್ ಕೊಟ್ಟುಕೊಳ್ಳುತ್ತೆ. ಕೆಂಪು ಬಟನ್ ಆ ದಾರಿ ಕಡಿಯುತ್ತೆ. ಕರೆಂಟ್ ಹೋಗಿ ಬಂದರೆ ಅದಕ್ಕೆ ಹಿಂದಿನದು ನೆನಪಿಲ್ಲ, ಅದಕ್ಕೇ ಊರಲ್ಲಿ ಆಟೋ ಸ್ಟಾರ್ಟರ್ ಹಾಕಿಸೋದು. ಕಂಪ್ಯೂಟರಿನ ರ್‍ಯಾಮ್ ಕೂಡ ಕರೆಂಟ್ ಹೋದರೆ ಎಲ್ಲ ಮರೆಯೋದು ಹೀಗೇ ಅಂತ ಅಲ್ಲೇ ಹೇಳಿ, 7402 ಚಿಪ್ ತೆಗೆದು ಎರಡು ನಾರ್ ಗೇಟಿನ (ಯಾವ ಇನ್‌ಪುಟ್ 1 ಆದರೂ ಔಟ್‌ಪುಟ್ ಸೊನ್ನೆ) ಲ್ಯಾಚ್ ಕಟ್ಟಿಸು. ಒಂದು ಬಲೆ ಇದೆ: ಅವರಿಗೆ ರೂಢಿಯಾದ 7400 ಚಿಪ್ಪಿನಲ್ಲಿ ಮೊದಲ ಗೇಟಿನ ಔಟ್‌ಪುಟ್ 3ನೇ ಕಾಲು, 7402ರಲ್ಲಿ 1ನೇ ಕಾಲು. ಅಭ್ಯಾಸಬಲದಿಂದ ಕಟ್ಟಿದವರದ್ದು ಎಂದೂ ಕೆಲಸ ಮಾಡಲ್ಲ. ಇನ್‌ಪುಟ್ ಕಾಲನ್ನು ಸುಮ್ಮನೆ ಬಿಟ್ಟರೂ ಟಿಟಿಎಲ್ ಜಾತಿಯ ಚಿಪ್ ಅದನ್ನು 1 ಅಂತಲೇ ಓದುತ್ತೆ, ನಾರ್ ಗೇಟ್ ಸೊನ್ನೆಯಲ್ಲೇ ಕೂತುಬಿಡುತ್ತೆ. ಇದನ್ನೂ ಮೀಟರ್ ಹಿಡಿದು ಅವರೇ ಕಂಡುಹಿಡೀಲಿ.

ರೆಕಾರ್ಡ್ ತಿದ್ದುವಾಗ ಹಾಫ್‌ವೇವಿನ ರಿಪಲ್ ಫ್ಯಾಕ್ಟರ್ (ಡಿಸಿಯಲ್ಲಿ ಉಳಿದ ಏರಿಳಿತದ ಪ್ರಮಾಣ) ಎಲ್ಲರದ್ದೂ ನೆಟ್ಟಗೆ ಪುಸ್ತಕದ 1.21 ಇದ್ದರೆ ಯಾರೂ ಅಳೆದಿಲ್ಲ ಅಂತ ಅರ್ಥ. ಬೈಬೇಡ. ಇಬ್ಬರನ್ನು ಕರೆದು ನಿನ್ನೆದುರು ಮತ್ತೆ ಅಳೆಸು.

ಹಾರ್ಡ್‌ವೇರ್ ಲ್ಯಾಬಿನ ಬಗ್ಗೆ ಎರಡೇ ಮಾತು. ಎಸ್‌ಎಂಪಿಎಸ್ಸಿನ (ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬ) ಹಸಿರು ವೈರನ್ನು ಕಪ್ಪಿಗೆ ಸೇರಿಸಿದಾಗ ಫ್ಯಾನ್ ತಿರುಗಿತು ಅಂತ ಪಾಸ್ ಮಾಡಬಾರದು. ಲೋಡಿನಲ್ಲಿ 12 ವೋಲ್ಟಿನ ಹಳದಿ ವೈರ್ 11.4ಕ್ಕಿಂತ, 5 ವೋಲ್ಟಿನ ಕೆಂಪು 4.75ಕ್ಕಿಂತ ಇಳಿದರೆ ಅದು ಕೆಟ್ಟ ಹಾಗೇ. ಎಸ್‌ಎಂಪಿಎಸ್ ಮುಚ್ಚಳ ಮಾತ್ರ ಯಾರೂ ತೆಗೀಬಾರದು, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು.

ನನ್ನ ಹತ್ತಿರ ಒಂದು ಹಳೇ ಮುಳ್ಳಿನ ಮೀಟರ್ ಇದೆ, ಮನೆಗೆ ಬಂದಾಗ ತಗೊಂಡು ಹೋಗು. ಕೆಪಾಸಿಟರ್ ತುಂಬೋದನ್ನ ಮುಳ್ಳು ತೋರಿಸೋ ಹಾಗೆ ಡಿಜಿಟಲ್ ಮೀಟರ್ ತೋರಿಸೋಲ್ಲ. ಓಮ್ ರೇಂಜಿನಲ್ಲಿ ಅದರ ಕಪ್ಪು ವೈರೇ ಪ್ಲಸ್. ಡಯೋಡ್ ಉಲ್ಟಾ ತೋರಿಸಿತು ಅಂತ ಬಿಸಾಕಿಬಿಡಬೇಡ.

ಅಕ್ಕ ಭಾವನಿಗೆ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಾವ